ಬೆಂಗಳೂರಿನ ನಂಬರ್, ಯಲಬುರ್ಗಾದ ಮಾಲೀಕ

ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ನಡೆಯುವಾಗ ಊರ ಸುತ್ತಲಿನ ಬಯಲುಗಳಲ್ಲಿ ನಿಂತ ಕಾರುಗಳ ನಂಬರ್ ಪ್ಲೇಟು ಓದುತ್ತಾ ಹೋಗಿ. ಕೆಎ 37 ಕೊಪ್ಪಳ ಜಿಲ್ಲೆಯದು, ಅದು ಇದ್ದೇ ಇರುತ್ತದೆ. ಅದರ ಮಗ್ಗುಲಲ್ಲೇ ಕೆಎ 01, 03, 05 ಎಂಬ ಬೆಂಗಳೂರಿನ ನಂಬರುಗಳು, ಕೆಎ 25 ಎಂಬ ಧಾರವಾಡದ್ದು, ಕೆಎ 34 ಎಂಬ ಬಳ್ಳಾರಿಯದು. ಇವೆಲ್ಲ ದೂರದ ಭಕ್ತರ ಗಾಡಿಗಳೆಂದು ತಿಳಿಯಬೇಡಿ. ಎಷ್ಟೋ ಗಾಡಿಗಳ ಮಾಲೀಕರು ಕುಷ್ಟಗಿ, ಯಲಬುರ್ಗಾ ಸೀಮೆಯವರೇ. ರಾಜ್ಯದೊಳಗೆ ಕಾರು ಎಷ್ಟು ಕೈ ಬದಲಾದರೂ ಅದರ ನಂಬರು ಬದಲಾಗುವುದಿಲ್ಲ. ಹೀಗಾಗಿ ನಮ್ಮ ಹಳ್ಳಿಗಳಿಗೆ ಸಣ್ಣ ಕಾರು ಯಾವ ದಾರಿಯಲ್ಲಿ ಬಂತು ಎಂಬುದನ್ನು ಅದರ ಮೂತಿಯ ಮೇಲೇ ಓದಿಕೊಳ್ಳಬಹುದು.

ಮಾರುತಿ ಬರುವ ಮೊದಲು ಈ ಕಡೆ ಕಾರೆಂದರೆ ಅಂಬಾಸಿಡರ್, ಇಲ್ಲವೇ ಪದ್ಮಿನಿ. ಅದೂ ಸಾಹುಕಾರರದು, ಡಾಕ್ಟರರದು ಅಥವಾ ಸರ್ಕಾರದ್ದು. ಉಳಿದವರಿಗೆ ಬಸ್ಸು, ಜೀಪು, ಆಮೇಲೆ ಟ್ರ್ಯಾಕ್ಸು, ಕ್ರೂಸರು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈಯನ್ನು ಗ್ರಾಹಕರ ಕೈಗಿಟ್ಟರು. ಅಷ್ಟರಲ್ಲಾಗಲೇ ಹತ್ತು ಸಾವಿರ ರೂಪಾಯಿ ಮುಂಗಡ ಕಟ್ಟಿ ಲಕ್ಷಕ್ಕೂ ಹೆಚ್ಚು ಜನ ಸರದಿಯಲ್ಲಿದ್ದರು. ಕಾಯಲಾಗದವರು ಮೇಲೆ ದುಡ್ಡು ಕೊಟ್ಟು ಬೇರೆಯವರ ಗಾಡಿ ಕೊಳ್ಳುತ್ತಿದ್ದರು. ಬಳಸಿದ ಕಾರಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ಇದ್ದ ಕಾಲ ಅದು.

ಆಗ ಕೊಪ್ಪಳವೆಂಬ ಜಿಲ್ಲೆಯೇ ಇರಲಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ರಾಯಚೂರಿಗೆ ಸೇರಿದ್ದವು. ಗಾಡಿಯ ಕಾಗದಕ್ಕೂ ಅಷ್ಟು ದೂರ ಹೋಗಬೇಕಿತ್ತು. 1997ರ ಆಗಸ್ಟ್ 24ರಂದು ಹೊಸ ಜಿಲ್ಲೆಯಾಗಿ ಮುಂದೆ ಕೆಎ 37 ಸಿಕ್ಕಿತು. ರಾಯಚೂರಿನ ಕೆಎ 36 ಎಂದು ಬರೆದ ಹಳೆಯ 800 ಎಲ್ಲಾದರೂ ಕಣ್ಣಿಗೆ ಬಿದ್ದರೆ ಅದು ಆ ಕಾಲದ್ದಿರಬಹುದು.

ಹೊಸ ಕಾರು ಮೊದಲು ಇಳಿದದ್ದು ಕಾಲುವೆಯ ನೀರು ಹರಿದಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ ಭಾಗವನ್ನು ಭತ್ತದ ಸೀಮೆ ಮಾಡಿತು. ಕ್ಯಾಂಪುಗಳು ಎದ್ದವು, ಅಕ್ಕಿ ಗಿರಣಿಗಳು ಎದ್ದವು, ಎರಡನೇ ಬೆಳೆಯ ದುಡ್ಡು ಕೈಗೆ ಬಂತು. ಮೊದಲು ಟ್ರ್ಯಾಕ್ಟರು, ಆಮೇಲೆ ಬೈಕು, ಆಮೇಲೆ ಕಾರು. ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾಗಳದು ಮಳೆಯನ್ನೇ ನಂಬಿದ ನೆಲ. ಸಜ್ಜೆ, ಜೋಳ, ತೊಗರಿ, ಶೇಂಗಾ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋಗುವ ಊರುಗಳಿವು. ಇಲ್ಲಿಗೆ ಕಾರು ಬಂದದ್ದು ಬೆಳೆಯ ದುಡ್ಡಿನಿಂದಲ್ಲ, ದುಡಿಯಲು ಹೋದವರಿಂದ. ಬೆಂಗಳೂರಿನಲ್ಲಿ ಡ್ರೈವರಾದ ಹುಡುಗ ತಾನೇ ನಾಲ್ಕಾರು ವರ್ಷ ಓಡಿಸಿದ ಮಾಲೀಕರ ಗಾಡಿಯನ್ನು, ಅವರು ಹೊಸದು ಕೊಂಡಾಗ, ಕೇಳಿ ತರುತ್ತಾನೆ. ಇದಕ್ಕಿಂತ ಭರವಸೆಯ ವ್ಯಾಪಾರ ಇನ್ನೊಂದಿಲ್ಲ. ಗಾಡಿಯ ಕೆಮ್ಮು, ನೆಗಡಿ ಎಲ್ಲ ಅವನಿಗೆ ಗೊತ್ತಿರುತ್ತದೆ.

ಇನ್ನೊಂದು ಸಂಗತಿ. 2010ರ ಏಪ್ರಿಲ್‌ನಲ್ಲಿ ಹೊಗೆಯ ನಿಯಮ ಬಿಗಿಯಾದಾಗ ಬೆಂಗಳೂರೂ ಸೇರಿ 13 ನಗರಗಳಲ್ಲಿ ಮಾರುತಿ 800 ಮಾರಾಟ ನಿಂತಿತು. ನಮ್ಮಂಥ ಊರುಗಳಲ್ಲಿ ಮಾತ್ರ ಮುಂದುವರಿಯಿತು. 2014ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. ಅದರ ಜಾಗಕ್ಕೆ ಆಲ್ಟೊ ಬಂದಿತ್ತು. 2000ದಲ್ಲಿ ಶುರುವಾಗಿ, 2020ರ ಹೊತ್ತಿಗೆ 40 ಲಕ್ಷ ಮಾರಾಟವಾದ ಗಾಡಿ ಅದು. ಜೊತೆಗೆ ಸ್ಯಾಂಟ್ರೊ, ವ್ಯಾಗನ್ ಆರ್, ಇಯಾನ್. ಹಳೆಯ ಕಾರು ಕೊಳ್ಳಲು ಹೊರಟವರ ಮುಂದೆ ಇವತ್ತು ಬಂದು ನಿಲ್ಲುವವು ಹೆಚ್ಚಾಗಿ ಇವೇ. ನ್ಯಾನೊ ಮಾತ್ರ ನೆಲೆ ನಿಲ್ಲಲಿಲ್ಲ. ಪಶ್ಚಿಮ ಬಂಗಾಳದ ಸಿಂಗೂರು ಬಿಟ್ಟ ನ್ಯಾನೊ ಕಾರ್ಖಾನೆಗೆ 2008ರಲ್ಲಿ ನಮ್ಮ ಸರ್ಕಾರ ಧಾರವಾಡದ ಬಳಿ ಜಾಗ ತೋರಿಸಿತ್ತು. ಟಾಟಾದವರು ಗುಜರಾತಿನ ಸಾಣಂದಕ್ಕೆ ಹೋದರು. ಅಂದಹಾಗೆ, ಕೊಪ್ಪಳ ತಾಲ್ಲೂಕಿನ ಬೇವಿನಹಳ್ಳಿಯ ಕಿರ್ಲೋಸ್ಕರ್ ಕಾರ್ಖಾನೆ ವಾಹನಗಳ ಸಿಲಿಂಡರ್ ಬ್ಲಾಕ್ ಎರಕ ಹೊಯ್ಯುತ್ತದೆ. ಎಂಜಿನ್ನಿನ ಕಬ್ಬಿಣ ಇಲ್ಲಿಂದ ಹೊಸದಾಗಿ ಹೋಗುತ್ತದೆ, ಕಾರು ಇಲ್ಲಿಗೆ ಹಳೆಯದಾಗಿ ಬರುತ್ತದೆ.

ಈಗ ಗುಣದೋಷದ ಮಾತು. ಇದಕ್ಕೆ ಇಡೀ ಜಿಲ್ಲೆಗೆ ಒಂದೇ ಉತ್ತರ ಇಲ್ಲ.

ಯಲಬುರ್ಗಾದ ಒಳಹಳ್ಳಿಯಲ್ಲಿ ಹಳೆಯ ಆಲ್ಟೊ ಅಂದರೆ ರಾತ್ರಿಯ ಹೆರಿಗೆ ನೋವಿಗೆ, ಅಪ್ಪನ ಎದೆನೋವಿಗೆ ಇರುವ ಗಾಡಿ. ಕೊಪ್ಪಳದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2015ರಲ್ಲಿ. ಅದಕ್ಕೂ ಮೊದಲು ದೊಡ್ಡ ಕಾಯಿಲೆ ಅಂದರೆ ಹುಬ್ಬಳ್ಳಿಯೇ. ಕುಷ್ಟಗಿಗೆ ರೈಲು ಬಂದದ್ದು 2025ರ ಮೇ 15ರಂದು. ಕೊನೆಯ ಬಸ್ಸು ತಪ್ಪಿದ ಮೇಲೆ ಬಾಡಿಗೆ ಕ್ರೂಸರಿನವನು ಹೇಳಿದ್ದೇ ರೇಟು. ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ಓಡುವ, ಉಳಿದ ದಿನ ಬೇವಿನ ಮರದ ಕೆಳಗೆ ನಿಲ್ಲುವ ಗಾಡಿಗೆ ಹೊಸ ಕಾರಿನ ಸಾಲ ತಲೆಯ ಮೇಲೆ ಹೊತ್ತುಕೊಳ್ಳುವುದು ಬೇಡ. ಐದು ಸಾವಿರ ಕಿಲೋಮೀಟರಿಗೆ, ಲೀಟರಿಗೆ 16ರ ಲೆಕ್ಕ ಹಿಡಿದರೂ, ಪೆಟ್ರೋಲ್ ಖರ್ಚು ಮೂವತ್ತೆರಡು ಸಾವಿರದ ಆಸುಪಾಸು. ಮನೆ ತಾಳಿಕೊಳ್ಳಬಹುದಾದ ಖರ್ಚು ಅದು.

ಸಣ್ಣ ಮಾರುತಿಯ ದೊಡ್ಡ ಗುಣ ಅದು ಎಲ್ಲಿ ಕೆಟ್ಟು ನಿಂತರೂ ದುರಸ್ತಿಯಾಗುತ್ತದೆ ಎಂಬುದು. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ಗೊತ್ತಿಲ್ಲದ ಮೆಕ್ಯಾನಿಕ್ ಈ ಜಿಲ್ಲೆಯಲ್ಲಿ ಸಿಗಲಾರ. ಕ್ಲಚ್ ಪ್ಲೇಟು, ಬ್ರೇಕ್ ಶೂ, ಶಾಕಪ್ಪು ಎಲ್ಲ ಗಂಗಾವತಿ, ಹೊಸಪೇಟೆಯ ಅಂಗಡಿಗಳಲ್ಲಿ ಸಿಗುತ್ತವೆ. ಸಣ್ಣ ಮಾರುತಿಯ ಬೆಲೆಗೇ ನಾಲ್ಕು ಕೈ ದಾಟಿದ ದೊಡ್ಡ ಸೆಡಾನ್ ಸಿಗುತ್ತದೆಂದು ಆಸೆಬಿದ್ದವರು ಒಂದು ಸಣ್ಣ ಸೆನ್ಸರಿಗಾಗಿ ವಾರಗಟ್ಟಲೆ ಕಾದದ್ದನ್ನು ನೋಡಿದ್ದೇನೆ. ಹಳೆಯ ದೊಡ್ಡ ಕಾರಿಗಿಂತ ಹಳೆಯ ಸಣ್ಣ ಕಾರೇ ಲೇಸು ಎಂಬ ನನ್ನ ಅಭಿಪ್ರಾಯಕ್ಕೆ ಕಾರಣ ಇದು.

ದೋಷಗಳೂ ಸಣ್ಣವಲ್ಲ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಎಸಿ ಹಾಕಿದರೆ ಎಂಜಿನ್ನು ಏದುಸಿರು ಬಿಡುತ್ತದೆ; ಐದು ಜನ ಕೂತಿದ್ದರೆ ಏರಿನಲ್ಲಿ ಎಸಿ ಆರಿಸಲೇಬೇಕು. ಚಕ್ರ ಬರೀ 12 ಇಂಚಿನವು. ಕಾಲುವೆ ದಂಡೆಯ ತಗ್ಗುದಿಣ್ಣೆಗೆ ಹೊಟ್ಟೆ ತಾಗುತ್ತದೆ. ಆಲ್ಟೊ 800ರಲ್ಲಿ ಟೈಮಿಂಗ್ ಬೆಲ್ಟ್ ಇದೆ, ಅದು ರಬ್ಬರಿನದು, ಬದಲಿಸಿದ ಲೆಕ್ಕ ಇಲ್ಲದಿದ್ದರೆ ಕೊಂಡ ವಾರವೇ ಬದಲಿಸಿ. ಆಲ್ಟೊ ಕೆ10ರಲ್ಲಿ ಚೈನು ಇದೆ, ಆ ಚಿಂತೆ ಇಲ್ಲ. ಮೇವಿನ ಬಣವೆಯ ಪಕ್ಕ ನಿಲ್ಲಿಸಿದ ಗಾಡಿಯ ವೈರಿಂಗನ್ನು ಇಲಿ ಕಡಿಯುವುದು ಇನ್ನೊಂದು ಕಾಟ. ಈಗಿನ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಇರುತ್ತದೆ. 2023ರ ಏಪ್ರಿಲ್‌ಗಿಂತ ಹಳೆಯ ಗಾಡಿಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಮೈಲೇಜು ತುಸು ಇಳಿಯುತ್ತದೆ, ರಬ್ಬರ್ ಪೈಪುಗಳ ಮೇಲೆ ಕಣ್ಣಿಟ್ಟಿರಬೇಕು.

ಎಲ್ಲಕ್ಕಿಂತ ದೊಡ್ಡ ದೋಷವನ್ನು ಯಾವ ಬ್ರೋಕರನೂ ಬಾಯಿ ಬಿಡುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆ ನಮ್ಮ ಸಣ್ಣ ಕಾರುಗಳನ್ನು ಗೋಡೆಗೆ ಗುದ್ದಿಸಿ ನೋಡಿತು. ಏರ್‌ಬ್ಯಾಗಿಲ್ಲದ ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ ಐದಕ್ಕೂ ಸಿಕ್ಕಿದ್ದು ಸೊನ್ನೆ ಸ್ಟಾರು. ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಿಂದ, ಎಬಿಎಸ್ ಬ್ರೇಕು ಅದೇ ವರ್ಷದ ಏಪ್ರಿಲ್‌ನಿಂದ. ಅದಕ್ಕೂ ಹಿಂದಿನ ಕಡಿಮೆ ಬೆಲೆಯ ಮಾಡೆಲುಗಳಲ್ಲಿ ಎರಡೂ ಇರುವುದು ಅಪರೂಪ. ಊರಿಂದ ಸಂತೆಗೆ, ಹೊಲಕ್ಕೆ ಓಡುವ ಗಾಡಿಗೆ ಇದು ಅಷ್ಟು ಮುಖ್ಯ ಆಗಲಿಕ್ಕಿಲ್ಲ. ಕುಷ್ಟಗಿಯ ಮೇಲೆ ಹಾಯುವ ನಾಲ್ಕು ಪಥದ ಹೆದ್ದಾರಿಯಲ್ಲಿ ದಿನಾ ಲಾರಿಗಳ ನಡುವೆ ಹೊಸಪೇಟೆಗೆ ಓಡಾಡುವವರಿಗೆ ಇದೇ ಮುಖ್ಯ. ಅಂಥವರು ಇನ್ನೊಂದು ಲಕ್ಷ ಹೊಂದಿಸಿ 2019ರ ಈಚಿನ ಗಾಡಿ ನೋಡಲಿ.

ಬ್ರೋಕರರ ಮಾತಿನ ಸೊಗಸೇ ಬೇರೆ. "ಡಾಕ್ಟರ್ ಓಡ್ಸಿದ್ ಗಾಡಿ ಐತ್ರಿ ಅಣ್ಣಾರ, ಮನಿಯಿಂದ ದವಾಖಾನಿಗೆ, ದವಾಖಾನಿಯಿಂದ ಮನಿಗೆ, ಅಷ್ಟ!" ನಾಡಿನಲ್ಲಿ ಇರುವ ಡಾಕ್ಟರರಿಗಿಂತ ಡಾಕ್ಟರರು ಓಡಿಸಿದ ಕಾರುಗಳೇ ಹೆಚ್ಚಿರಬೇಕು. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡದೆ ಯಾರೂ ಟವೆಲ್ಲಿನ ಕೆಳಗೆ ಕೈ ಕೊಡುವುದಿಲ್ಲ. ಕಾರಿನ ಹಲ್ಲು ಟೈರಿನ ಮೇಲಿದೆ. ಅದರ ಪಕ್ಕೆಯಲ್ಲಿ 3218 ಎಂದಿದ್ದರೆ ಅದು 2018ರ 32ನೇ ವಾರ ತಯಾರಾದದ್ದು. ಮೀಟರು ಮೂವತ್ತು ಸಾವಿರ ತೋರಿಸುತ್ತಿದ್ದು, ಕ್ಲಚ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿದ್ದರೆ ಮೀಟರು ತಿರುವಿದ್ದಾರೆ. ಬಾಗಿಲ ಬೀಡಿಂಗ್ ಎಳೆದು ವೆಲ್ಡಿಂಗ್ ನೋಡಿ, ಕಾಲ ಕೆಳಗಿನ ಮ್ಯಾಟ್ ಎತ್ತಿ ತುಕ್ಕು ನೋಡಿ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ನಿಮ್ಮದೇ ಮೆಕ್ಯಾನಿಕ್‌ನನ್ನು ಕರೆದೊಯ್ದು ಅವನ ದಿನದ ಕೂಲಿ ಕೊಡಿ. ಮಾರುವವನೇ ತೋರಿಸಿದ ಮೆಕ್ಯಾನಿಕ್ ಬೇಡ.

ಅಷ್ಟಾದರೂ ಎಂಜಿನ್ನು ಕೈಕೊಟ್ಟರೆ ಹೋಗುವುದು ಇಪ್ಪತ್ತು ಮೂವತ್ತು ಸಾವಿರ. ಕಾಗದ ಕೈಕೊಟ್ಟರೆ ಹೊಲ ಹೋದೀತು. ನಮ್ಮಲ್ಲಿ ಬಹಳ ಜನ ಹಣ ಕೊಟ್ಟು, ಆರ್‌ಸಿ ಇಸಿದುಕೊಂಡು, ಹೆಸರು ಬದಲಾವಣೆಯ 29, 30ನೇ ಫಾರ್ಮುಗಳಿಗೆ ಸಹಿ ಹಾಕಿಸಿಕೊಂಡು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗುತ್ತಾರೆ. ಮುಂದೆ ಮಾರುವಾಗ ಅದೇ ಸಹಿಯ ಮೇಲೆ ಇನ್ನೊಬ್ಬರಿಗೆ ದಾಟಿಸಿದರೆ ಖರ್ಚು ಉಳಿಯಿತು ಎಂಬ ಲೆಕ್ಕ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಇಂಥದೇ ಪ್ರಕರಣ. 2007ರಲ್ಲಿ ಮಾರಿದ ಕಾರು ಕೈಯಿಂದ ಕೈಗೆ ದಾಟಿ, 2009ರಲ್ಲಿ ಅಪಘಾತವಾಗಿ ಒಂದು ಮಗು ಸತ್ತಿತು. ಆರ್‌ಸಿಯಲ್ಲಿ ಇದ್ದದ್ದು ಮೊದಲು ಮಾರಿದವರ ಹೆಸರೇ. ಪರಿಹಾರದ ಹೊಣೆ ಅವರದೇ ಎಂದು ಕೋರ್ಟು ಹೇಳಿತು. ಗಾಡಿ ಯಾರ ಅಂಗಳದಲ್ಲಿತ್ತು ಎಂಬುದು ಲೆಕ್ಕಕ್ಕೆ ಬರಲಿಲ್ಲ.

ಕಾನೂನು ಏನೂ ಕಠಿಣವಲ್ಲ. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿಯೊಂದಿಗೆ 35ನೇ ಫಾರ್ಮು ಕೊಟ್ಟು ಆರ್‌ಸಿಯಲ್ಲಿನ ಎಚ್‌ಪಿ, ಅಂದರೆ ಸಾಲದ ನಮೂದು, ತೆಗೆಸಬೇಕು. ಇದಾಗದೆ ಟೋಕನ್ ಅಡ್ವಾನ್ಸ್ ಕೂಡ ಕೊಡಬೇಡಿ. ಇನ್ಶೂರೆನ್ಸು ಬೇರೆಯಾಗಿ ವರ್ಗವಾಗಬೇಕು, ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ. ಹೊರರಾಜ್ಯದ ಗಾಡಿ ಅಗ್ಗವೆಂದು ಹಾರಿ ಬೀಳುವವರು ಒಂದು ಮಾತು ನೆನಪಿಡಲಿ: ನಮ್ಮ ರಾಜ್ಯದ ಆಜೀವ ತೆರಿಗೆ ಐದು ಲಕ್ಷದೊಳಗಿನ ಕಾರಿಗೇ ಶೇ 13, ಮೇಲೆ ಸೆಸ್ಸು. ಗಾಡಿಯ ವಯಸ್ಸು ನೋಡಿ ಅದರಲ್ಲಿ ಒಂದು ಪಾಲನ್ನು ಇಲ್ಲಿ ಕಟ್ಟಲೇಬೇಕು. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕವೂ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿದೆ. ಅಂಗಡಿಯವರ ಮೂಲಕ ಮಾರುವುದಾದರೆ ನೋಂದಾಯಿತ ಡೀಲರರೇ ಎಂದು ಕೇಳಿ. 2023ರ ಏಪ್ರಿಲ್ 1ರಿಂದ ಅಂಥವರಿಗೆ ಗಾಡಿ ಒಪ್ಪಿಸಿ ಆರ್‌ಟಿಒಗೆ ತಿಳಿಸಿದರೆ ಮುಂದಿನ ಹೊಣೆ ಅವರದಾಗುತ್ತದೆ.

ಈಚೆಗೆ ಲೆಕ್ಕ ಇನ್ನೊಂದು ಬಗೆಯಲ್ಲೂ ಬದಲಾಗಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆ ಸೆಸ್ಸೂ ಸೇರಿ ಶೇ 29ರಿಂದ 18ಕ್ಕೆ ಇಳಿಯಿತು. ಆಗ ಮಾರುತಿ ಎಸ್-ಪ್ರೆಸ್ಸೊದ ಷೋರೂಂ ಬೆಲೆ ಮೂರೂವರೆ ಲಕ್ಷಕ್ಕೆ, ಆಲ್ಟೊ ಕೆ10ರದು 3.70 ಲಕ್ಷಕ್ಕೆ ಬಂತು. ತೆರಿಗೆ, ವಿಮೆ ಸೇರಿಸಿ ರಸ್ತೆಗಿಳಿಯುವಾಗ ನಾಲ್ಕು ಲಕ್ಷ ದಾಟುತ್ತದೆ. ಎರಡು ಲಕ್ಷದೊಳಗಿನ ಹಳೆಯ ಆಲ್ಟೊಗೆ ಈಗಲೂ ಅರ್ಥವಿದೆ. ಮೂರು, ಮೂರೂಕಾಲು ಲಕ್ಷ ಕೇಳುವ ನಾಲ್ಕು ವರ್ಷದ ಗಾಡಿಗೆ ಇಲ್ಲ, ಅದೂ ಹಳೆಯ ಗಾಡಿಯ ಸಾಲಕ್ಕೆ ಬಡ್ಡಿ ಹೊಸದಕ್ಕಿಂತ ಹೆಚ್ಚಿರುವಾಗ. ದಿನಾ ಓಡುವವರು, ಸಾಲ ಮಾಡಿಯೇ ಕೊಳ್ಳುವವರು ಹೊಸದನ್ನೇ ನೋಡಲಿ. ಅಪರೂಪಕ್ಕೆ ಓಡಿಸುವವರು, ಕೈಯಲ್ಲಿನ ದುಡ್ಡಿನಿಂದ ಕೊಳ್ಳುವವರು ಹಳೆಯದನ್ನು ತರಲಿ, ಬೇಕಿದ್ದರೆ ಹುಲಿಗೆಮ್ಮನಿಗೆ ತೋರಿಸಿ ಪೂಜೆಯನ್ನೂ ಮಾಡಿಸಲಿ, ಆದರೆ ಅದಕ್ಕೂ ಮೊದಲು ಆರ್‌ಸಿಯಲ್ಲಿ ತಮ್ಮ ಹೆಸರು ಬರಲಿ.

ಇದನ್ನು ಓದುತ್ತಿರುವವರಲ್ಲಿ ಕಾರು ಕೊಳ್ಳುವವರಿಗಿಂತ ಎಂದೋ ಒಂದು ಕಾರೋ ಬೈಕೋ ಮಾರಿ ಮರೆತವರೇ ಹೆಚ್ಚಿರಬಹುದು. ಎಂಪರಿವಾಹನ್ ಆ್ಯಪಿನಲ್ಲಿ ಆ ಹಳೆಯ ನಂಬರು ಹಾಕಿ ನೋಡಿ. ಅದು ಇನ್ನೂ ನಿಮ್ಮ ಹೆಸರಿನಲ್ಲೇ ಇದೆ ಎಂದು ಅನುಮಾನ ಬಂದರೆ, ಈ ಸೋಮವಾರವೇ ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ.