ಕಾಳುಗಳ ಅಳತೆಯೂ ತೂಕವೂ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪ್ರಾಂತದ ಮನೆಗಳಲ್ಲಿ ಕಾಳನ್ನು ಸೇರಿನಿಂದ ಅಳೆಯುವ ರೂಢಿಯುಂಟು. ಪೇಟೆಯಲ್ಲಾದರೋ 1956ರ ಕಾಯಿದೆಯಿಂದ ಬಳಕೆಗೆ ಬಂದ ಕಿಲೋಗ್ರಾಮೇ ಪ್ರಮಾಣವು. ಕಾಳಿನ ಜಾತಿ, ಗಾತ್ರ, ತೇವಗಳಿಗನುಸಾರವಾಗಿ ಒಂದೇ ಸೇರಿನ ತೂಕವು ಬೇರೆ ಬೇರೆಯಾಗುವುದು. ಆದಕಾರಣ ಚೆನ್ನಾಗಿ ಒಣಗಿದ ಕಾಳನ್ನು ತಮ್ಮ ಸೇರಿನಲ್ಲಿ ತುಂಬಿ, ಅಲುಗಿಸದೆ, ಬಾಯಿಮಟ್ಟಕ್ಕೆ ಕೋಲಿನಿಂದ ಸವರಿ, ಮೂರು ಸಲ ತೂಗಿ, ಸರಾಸರಿಯನ್ನು ಬರೆದಿಡತಕ್ಕದ್ದು. ಪ್ರತಿಯೊಂದು ಕಾಳಿಗೂ ಹೀಗೆಯೇ ಮಾಡಬೇಕು.

ಒಂದು ಲೀಟರ್ ಹಿಡಿಯುವ ಪಾತ್ರೆಯ ತುಂಬ ಹೆಸರು ಸುಮಾರು 800 ಗ್ರಾಂ ತೂಗುವುದು. ಅಂತಹ 125 ಅಳತೆಗೆ ಒಂದು ಕ್ವಿಂಟಲ್. ಗೋಪುರವೇರಿಸಿ ಅಳೆದು ಪ್ರತಿಸಲವೂ 50 ಗ್ರಾಂ ಹೆಚ್ಚು ಹೋದರೆ, ಆ 125 ಅಳತೆಯಲ್ಲಿ ಕೊಡುವವನಿಗೆ 6 ಕಿಲೋ 250 ಗ್ರಾಂ ನಷ್ಟವು. ತಗ್ಗಿಸಿ ಅಳೆದರೆ ಅಷ್ಟೇ ನಷ್ಟ ಕೊಳ್ಳುವವನಿಗೆ. ಕೂಲಿಯ ಕಾಳನ್ನೂ ಬೀಜದ ಕಡವನ್ನೂ ಅಳೆಯಿಸುವ ಹಿರಿಯರು ಇದನ್ನು ಲಕ್ಷ್ಯದಲ್ಲಿಡತಕ್ಕದ್ದು.