ರಹೀಂ ಸಾಹೇಬರ ಕೀರ್ತಿಯ ತೂಕ

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಆದೋನಿ, ಆಲೂರು ಸೀಮೆಯ ಕನ್ನಡಿಗರಿಗೆ ಬೆಂಗಳೂರಿನಂತೆಯೇ ಹೈದರಾಬಾದೂ ಪರಸ್ಥಳವಲ್ಲವಾದುದರಿಂದ, 2024ರಲ್ಲಿ ‘ಮೈದಾನ್’ ಎಂಬ ಹಿಂದೀ ಚಲಚ್ಚಿತ್ರವು ಬಂದ ಮೇಲೆ ಆ ನಗರದ ಫುಟ್‌ಬಾಲ್ ಗುರು ಸೈಯದ್ ಅಬ್ದುಲ್ ರಹೀಮರ ನಾಮಧೇಯವು, ಕ್ರಿಕೆಟ್ಟಲ್ಲದೆ ಅನ್ಯ ಕ್ರೀಡೆಯನ್ನರಿಯದ ನಮ್ಮ ತರುಣರ ಬಾಯಲ್ಲಿಯೂ ಕೇಳಿಬಂದುದು ಸಂತೋಷದ ಸಂಗತಿಯೇ ಸರಿ. ಆದರೆ ಪೇಟೆಗೆ ಬಂದ ಹತ್ತಿಯ ತೇವವನ್ನು ನೋಡದೆ ತೂಕವನ್ನೊಪ್ಪದ ಊರಿನವರು ನಾವು. ‘ಭಾರತದ ಸರ್ವಶ್ರೇಷ್ಠ ತರಬೇತುದಾರ’ ಎಂಬ ಬಿರುದನ್ನೂ ಹಾಗೆಯೇ ಪರೀಕ್ಷಿಸಬೇಕಾಗುತ್ತದೆ.

ಸಂಶಯಪಡುವವನಿಗೆ ಸಾಮಗ್ರಿಯ ಕೊರತೆಯಿಲ್ಲ. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಮೇವಾಲಾಲರ ಒಂದೇ ಗೋಲಿನಿಂದ ಇರಾನನ್ನು ಸೋಲಿಸಿ ಗಳಿಸಿದ ಸ್ವರ್ಣಪದಕಕ್ಕಾಗಿ ಸ್ಪರ್ಧಿಸಿದ್ದುದು 6 ತಂಡಗಳು ಮಾತ್ರ. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ, ಹಲವರು ಬರಿಗಾಲಲ್ಲಿಯೇ ಆಡಿದ ಅದೇ ರಹೀಮರ ತಂಡವು ಯುಗೊಸ್ಲಾವಿಯಕ್ಕೆ 10–1ರಿಂದ ಸೋತಿತು. ಮಹಾಸಾಧನೆಯೆಂದು ವರ್ಣಿಸಲ್ಪಡುವ 1956ರ ಮೆಲ್ಬರ್ನ್ ಒಲಿಂಪಿಕ್ಸಿನ ನಾಲ್ಕನೆಯ ಸ್ಥಾನವನ್ನಾದರೂ ಬಿಡಿಸಿ ನೋಡಿದರೆ, ಹಂಗೇರಿಯು ಬಾರದೆ ಹೋದುದರಿಂದ ಮೊದಲ ಸುತ್ತನ್ನು ಆಡದೆಯೇ ದಾಟಿ, ನೆವಿಲ್ ಡಿಸೋಜರ ಮೂರು ಗೋಲುಗಳ ಬಲದಿಂದ ಆಸ್ಟ್ರೇಲಿಯವನ್ನು 4–2ರಿಂದ ಗೆದ್ದು, ಬಳಿಕ ಯುಗೊಸ್ಲಾವಿಯಕ್ಕೂ ಬಲ್ಗೇರಿಯಕ್ಕೂ ಸೋತ ವೃತ್ತಾಂತವಷ್ಟೇ ಉಳಿಯುತ್ತದೆ: ಒಟ್ಟು ಒಂದು ಗೆಲುವು. ಮೈಸೂರು ಸೀಮೆಯ ಕೆಂಪಯ್ಯನವರೂ ಆ ತಂಡದಲ್ಲಿದ್ದರೆಂಬ ಅಭಿಮಾನದಿಂದ ಈ ಲೆಕ್ಕವು ಬದಲಾಗದು.

1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟ ಮಾತ್ರ ಬೇರೆಯ ಮಾತು. ಇಸ್ರೇಲಿಗೆ ಪ್ರವೇಶ ದೊರೆಯಲಿಲ್ಲವೆಂಬುದು ನಿಜವಾದರೂ, ಎರಡು ಬಾರಿ ಏಷ್ಯನ್ ಕಪ್ ಗೆದ್ದಿದ್ದ, ಗುಂಪಿನ ಪಂದ್ಯದಲ್ಲಿ ಭಾರತವನ್ನೇ 2–0ರಿಂದ ಸೋಲಿಸಿದ್ದ ದಕ್ಷಿಣ ಕೊರಿಯವನ್ನು, ಭಾರತದ ಮೇಲೆ ಕುಪಿತರಾಗಿದ್ದ ಸಹಸ್ರಾರು ಪ್ರೇಕ್ಷಕರ ಕೂಗಾಟದ ನಡುವೆ ಅಂತಿಮ ಪಂದ್ಯದಲ್ಲಿ 2–1ರಿಂದ ಮಣಿಸಿದಾಗ, ತಲೆಗೆ ಪೆಟ್ಟಾಗಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗರನ್ನು ಮುಂಪಂಕ್ತಿಗೆ ತಂದು ಅವರಿಂದಲೇ ಒಂದು ಗೋಲು ಹೊಡೆಯಿಸಿದ ಯುಕ್ತಿಯು ರಹೀಮರದು. ಇನ್ನೊಂದು ಗೋಲು ಪಿ. ಕೆ. ಬ್ಯಾನರ್ಜಿಯವರದು. ಆದರೂ ನನ್ನ ಮಟ್ಟಿಗೆ ಅದಕ್ಕಿಂತ ಮಿಗಿಲಾದುದು, ಒಂದು ಪಂದ್ಯವನ್ನೂ ಗೆಲ್ಲದ 1960ರ ರೋಮ್ ಒಲಿಂಪಿಕ್ಸ್. ಆ ಕೂಟದಲ್ಲಿ ಕಂಚು ಪಡೆದ ಹಂಗೇರಿಗೆ 2–1ರಿಂದ ಮಾತ್ರ ಸೋತು, ಫ್ರಾನ್ಸಿನೊಡನೆ 1–1ರ ಸಮಬಲ ಸಾಧಿಸಿದ ತಂಡವು, ಎಂಟು ವರ್ಷಗಳ ಹಿಂದೆ ಹತ್ತು ಗೋಲು ತಿಂದು ಬಂದ ದೇಶದ್ದೇ ಎಂಬುದನ್ನು ಪದಕದ ಪಟ್ಟಿಯು ಹೇಳುವುದಿಲ್ಲ. ಚಲಚ್ಚಿತ್ರಗಳಿಗೂ ಇಂಥ ಸೋಲುಗಳು ರುಚಿಸವು.

ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರಾಗಿ ಶಾಲಾ ಉಪಾಧ್ಯಾಯರಾಗಿದ್ದ ರಹೀಮರು, 1943ರಿಂದ ಮರಣಪರ್ಯಂತ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಗಳಾಗಿದ್ದು, ಚೆಂಡನ್ನು ಬಹಳ ಹೊತ್ತು ಕಾಲಲ್ಲಿಟ್ಟುಕೊಂಡು ಓಡಬಾರದೆಂಬ ನಿಯಮದ ಪಂದ್ಯಾವಳಿಗಳನ್ನೂ, ಒಗ್ಗದ ಕಾಲಿನಿಂದಲೇ ಒದೆಯಬೇಕೆಂಬ ಪಂದ್ಯಾವಳಿಗಳನ್ನೂ ಬಾಲಕರಿಗಾಗಿ ಏರ್ಪಡಿಸುತ್ತಿದ್ದರು. ಅವರು ತರಬೇತುಗೊಳಿಸಿದ ಹೈದರಾಬಾದ್ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತವಾಗಿ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಮೆಲ್ಬರ್ನಿಗೆ ಹೋದ ಅಜೀಜ್, ನೂರ್ ಮಹಮ್ಮದ್, ಜುಲ್ಫಿಕರುದ್ದೀನ್, ಬಲರಾಮ್ ಮೊದಲಾದವರು ಆ ನಗರದವರೇ. ರಹೀಮರ ಕೀರ್ತಿಯು ಅಧಿಕವಾಯಿತೆನ್ನುವುದಕ್ಕಿಂತ, ಪಾಠಶಾಲೆಗೆ ಸಲ್ಲಬೇಕಾದುದು ಪದಕಗಳಿಗೆ ಸಂದಿತೆನ್ನುವುದು ಯುಕ್ತವಾದೀತು.

1963ರ ಜೂನ್ 11ರಂದು ಅರ್ಬುದರೋಗದಿಂದ ಅವರು ತೀರಿಕೊಂಡ ಮೇಲೆ ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಸ್ವರ್ಣವು ದೊರೆಯಲಿಲ್ಲ, ಒಲಿಂಪಿಕ್ಸಿನ ಬಾಗಿಲೂ ತೆರೆಯಲಿಲ್ಲವೆಂಬುದನ್ನೇ ಅವರ ಮಹಿಮೆಗೆ ಪ್ರಮಾಣವಾಗಿ ಒಡ್ಡುವವರುಂಟು. ಇದು ದುರ್ಬಲವಾದ ವಾದ; ಕೊರತೆಯಾದುದು ಗುರುವಿನದಲ್ಲ, ಗುರುವಿನ ಪಾಠವನ್ನುಳಿಸಿಕೊಳ್ಳುವ ವ್ಯವಸ್ಥೆಯದು. 1960ರಲ್ಲಿ ಜಪಾನಿಗೆ ಹೋದ ಜರ್ಮನ್ ಗುರು ಡೆಟ್‌ಮಾರ್ ಕ್ರಾಮರ್ ಮರಳುವಾಗ ಇತ್ತ ಸಲಹೆಗಳನ್ನು ಆ ದೇಶದವರು ಕಡತದಲ್ಲಿ ಕೊಳೆಯಲು ಬಿಡದೆ, 1965ರಲ್ಲಿ ರಾಷ್ಟ್ರೀಯ ಲೀಗನ್ನೇ ಸ್ಥಾಪಿಸಿ, 1968ರ ಮೆಕ್ಸಿಕೋದಲ್ಲಿ ಒಲಿಂಪಿಕ್ ಕಂಚನ್ನು ಪಡೆದರು. ನಮ್ಮಲ್ಲಿ ಅಂಥದೊಂದು ರಾಷ್ಟ್ರೀಯ ಲೀಗ್ ಬಂದುದು 1996ರಲ್ಲಿ.