ಅಜ್ಜನ ಪಾರ್ಕರ್, ನನ್ನ ಸ್ಪಿರಿಟ್

ಹಳೇ ಫೌಂಟನ್ ಪೆನ್ನುಗಳ ಹುಚ್ಚು ಹಿಡಿದು ನಾಲ್ಕು ವರ್ಷವಾಯ್ತು. ಮೊದಲ ಬೋನಸ್ಸಿನಲ್ಲಿ ಒಂದು ಕೊಂಡೆ, ಆಮೇಲೆ ನಿಲ್ಲಿಸೋಕೆ ಆಗಲಿಲ್ಲ. ಈಗ ಡ್ರಾಯರಿನಲ್ಲಿ ಹನ್ನೊಂದಿವೆ. ಹೇಳಬೇಕಾಗಿರೋದು ಮಾತ್ರ ದುಡ್ಡು ಕೊಡದೆ ಸಿಕ್ಕ ಪೆನ್ನಿನ ಕಥೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಅಜ್ಜನ ಟ್ರಂಕಿನಿಂದ ಒಂದು ಪೆನ್ನು ತೆಗೆದರು. "ನಿಂಗೆ ಇವೆಲ್ಲ ಗೊತ್ತಲ್ಲ, ಬರೆಯೋ ಹಾಗೆ ಮಾಡ್ಕೊಡು." ಕಪ್ಪು ಮೈ, ಚಿನ್ನದ ಬಣ್ಣದ ಕ್ಯಾಪು, ಬಾಣದಂಥ ಕ್ಲಿಪ್ಪು. ಪಾರ್ಕರ್ 51! ವಕೀಲಿಕೆ ಮಾಡುತ್ತಿದ್ದ ಅಜ್ಜನ ಜೇಬಿನಲ್ಲಿದ್ದದ್ದು ಇದೇನಾ?

1888ರಲ್ಲಿ ಶುರುವಾದ ಕಂಪನಿಗೆ 51 ತುಂಬಿದ ನೆನಪಿಗೆ ಆ ಹೆಸರು. ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1941ರಲ್ಲಿ, ಬೆಲೆ ಹನ್ನೆರಡೂವರೆ ಡಾಲರ್. ಆ ಕಾಲಕ್ಕೆ ಭಾರೀ ದುಡ್ಡು. ನಿಬ್ಬು 14 ಕ್ಯಾರೆಟ್ ಚಿನ್ನದ್ದು, ಆದರೆ ಕಾಣೋದು ತುದಿ ಮಾತ್ರ. ಶಾಯಿ ಒಣಗದಿರಲಿ ಅಂತ ಉಳಿದದ್ದನ್ನು ಪ್ಲಾಸ್ಟಿಕ್ ಮುಸುಕಿನೊಳಗೆ ಅಡಗಿಸಿದ್ದಾರೆ. ಮೈತುಂಬ ಒಡವೆ ಹಾಕಿಕೊಂಡು ಶಾಲು ಹೊದ್ದ ಹಾಗೆ.

ಬೆಂಗಳೂರಿಗೆ ಬಂದವನೇ ದೊಡ್ಡ ಪಂಡಿತನ ಹಾಗೆ ಲೋಟಕ್ಕೆ ಸರ್ಜಿಕಲ್ ಸ್ಪಿರಿಟ್ ಸುರಿದು, ಪೆನ್ನಿನ ಮೂತಿ ಮುಳುಗಿಸಿ ಊಟಕ್ಕೆ ಹೋದೆ. ಬಂದು ನೋಡಿದರೆ ಮುಸುಕಿನ ತುಂಬ ಕೂದಲೆಳೆಯಂಥ ಬಿರುಕು. ಎದೆ ಧಸಕ್ ಅಂತು. ಅಪ್ಪನಿಗೆ ಏನಂತ ಹೇಳೋದು?

ಮರುದಿನ ಹಳೇ ಪೆನ್ನು ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಓಡಿದೆ. "ಸ್ಪಿರಿಟ್ ಯಾಕ್ರೀ ಹಾಕಿದ್ರಿ? ಇದು ಅಕ್ರಿಲಿಕ್. ತಣ್ಣೀರು ಸಾಕಿತ್ತು" ಅಂದರು. ಬಿರುಕು ವಾಸಿಯಾಗೋದಿಲ್ಲ, ಬೇಕಾದರೆ ಬೇರೆ ಪೆನ್ನಿನ ಮುಸುಕು ತಂದು ಕೂರಿಸಬಹುದು ಅಂದರು. ಅಜ್ಜ ಬೆರಳಿಟ್ಟು ಬರೆಯುತ್ತಿದ್ದ ಜಾಗ ಅದೇ ಅಲ್ವಾ? ಬೇಡ ಅಂದೆ.

ಒಳಗಿನ ಶಾಯಿ ಚೀಲ ಮಾತ್ರ ಇನ್ನೂ ಮೆತ್ತಗೇ ಇತ್ತು. 1948ರಿಂದ 51ಕ್ಕೆ ಹಾಕಿದ ಈ ಚೀಲ ರಬ್ಬರಿನದಲ್ಲ, ಪ್ಲಾಸ್ಟಿಕ್ಕಿನದು. ಹಾಗಾಗಿ ಸುಲಭಕ್ಕೆ ಕೊಳೆಯೋದಿಲ್ಲ. (ರಬ್ಬರ್ ಚೀಲದ ಹಳೇ ಪೆನ್ನು ಕೊಳ್ಳುವಾಗ ಚೀಲ ಬದಲಿಸುವ ಖರ್ಚನ್ನೂ ಲೆಕ್ಕ ಹಾಕಿ.) ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿದೆ. ಬೆಳಗ್ಗೆ ಲೋಟದ ತುಂಬ ನೀಲಿ. ಸಿಂಕಿಗೆ ಚೆಲ್ಲಿದೆ. ಎರಡನೇ ದಿನವೂ ಚೆಲ್ಲಿದೆ. ಮೂರನೇ ದಿನ ಲೋಟ ಎತ್ತಿದಾಗ ತಲೆಗೆ ಹೊಳೆಯಿತು: ಅಜ್ಜ ತೀರಿಕೊಂಡದ್ದು 1983ರಲ್ಲಿ. ಇದು ಅವರೇ ತುಂಬಿಸಿದ ಶಾಯಿ. ಅಷ್ಟು ಹೊತ್ತಿಗೆ ನೀರು ತೆಳು ಆಕಾಶದ ಬಣ್ಣಕ್ಕೆ ತಿರುಗಿತ್ತು. ಒಂದು ಸಣ್ಣ ಬಾಟಲಿಗೆ ಹಾಕಿಟ್ಟೆ.

ಯುಗಾದಿಗೆ ಅಪ್ಪನ ಕೈಗೆ ಪೆನ್ನು ಕೊಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ. ಕನ್ನಡಕ ಹಾಕಿಕೊಂಡು ಬಿರುಕಿನ ಮೇಲೆ ಹೆಬ್ಬೆರಳು ಆಡಿಸಿದರು. ಏನೂ ಅನ್ನಲಿಲ್ಲ. ಕರೆಂಟ್ ಬಿಲ್ಲಿನ ಹಿಂದೆ ಅಜ್ಜನ ಸಹಿಯನ್ನು ಎರಡು ಸಲ ಹಾಕಿದರು, ಥೇಟ್ ಅವರ ಹಾಗೇ. ಸ್ಕೂಲಿನ ಮಾರ್ಕ್ಸ್ ಕಾರ್ಡಿಗೆ ಹಾಕಿ ಅಭ್ಯಾಸವಂತೆ.

ಇದು ನನ್ನ ಹನ್ನೆರಡನೇ ಪೆನ್ನು ಅಂದುಕೊಂಡಿದ್ದೆ. ಅಪ್ಪ ಕ್ಯಾಪು ಹಾಕಿ ತಮ್ಮ ಜೇಬಿಗೆ ಸಿಕ್ಕಿಸಿಕೊಂಡರು.